ಎಲ್ಲರಿಗೂ ಗೊತ್ತಿರುವ ಹನ್ನೊಂದು ಸಂಗತಿಗಳು

ದಾರಿ ಹೇಳುವುದು ನಮ್ಮ ಬೀದರಿನವರಿಗೆ ಬರುವುದಿಲ್ಲ. ಊರಿನ ಮೇಲಿನ ಸಿಟ್ಟಿನಿಂದ ಹೇಳುವ ಮಾತಲ್ಲ ಇದು, ಪ್ರೀತಿಯಿಂದಲೇ ಒಪ್ಪಿಕೊಳ್ಳುತ್ತಿದ್ದೇನೆ. ನಮ್ಮ ಬಡಾವಣೆ ಚಿದ್ರಿಯಲ್ಲಿ ಹೊಸಬರು ಯಾರದಾದರೂ ಮನೆ ಕೇಳಿದರೆ ಅಂಗಡಿಯವನು ಎಡ, ಬಲ ಎಂದು ವಿವರಿಸುವ ಗೋಜಿಗೇ ಹೋಗುವುದಿಲ್ಲ. ‘ನಡೀರಿ, ತೋರಸ್ತೀನಿ’ ಎಂದು ಅವರ ಬೈಕಿನ ಹಿಂದೆ ಕುಳಿತೇ ಬಿಡುತ್ತಾನೆ. ನಾನೂ ಹಾಗೇ ಬೆಳೆದವನು. ಒಮ್ಮೆ ಕಮಠಾಣದ ಮದುವೆಗೆ ಹೊರಟಿದ್ದವರಿಗೆ ದಾರಿ ತೋರಿಸಲು ಹೋಗಿ ಊಟ ಮುಗಿಸಿಕೊಂಡೇ ಬಂದಿದ್ದೇನೆ. ಮದುಮಗನ ಹೆಸರು ಇವತ್ತಿಗೂ ಗೊತ್ತಿಲ್ಲ. ಇಂಥವನ ಕೈಗೆ ದಾರಿ ಬರೆಯುವ ಕೆಲಸ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಬಿಡುವಾದಾಗ, ಬೇರೆ ಬೇರೆ ದೇಶದ ಜನ ಸೇರಿ ಕಟ್ಟುತ್ತಿರುವ ಒಂದು ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರಿಗೆ ಕೈಲಾದ ಸೇವೆ ಮಾಡುತ್ತೇನೆ. ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ತಂತ್ರಾಂಶ. ನಾವು ತಪ್ಪು ಬರೆದರೆ ಬೈಯುವುದೂ ಅದೇ. ಅದನ್ನು ತಿದ್ದಲು ಬರುವ ಹೊಸಬರಿಗೆಂದು ಒಂದು ಕೈಪಿಡಿ ಇತ್ತು, ಅದು ಹಳತಾಗಿತ್ತು. ಹೊಸದಾಗಿ ಬರೆಯುವವರು ಯಾರು ಎಂದಾಗ ನಾನು ಕೈ ಎತ್ತಿದೆ. ಭಾಲ್ಕಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಮೂರು ವಾರ ಬರೆದೆ. ‘ಇದು ಬಹಳ ಸುಲಭ’ ಎಂದು ಶುರು ಮಾಡಿ, ನಡುನಡುವೆ ‘ಎಂದಿನಂತೆ ಸಿದ್ಧ ಮಾಡಿಕೊಳ್ಳಿ’ ಎಂದು ಗಂಭೀರವಾಗಿ ಸೇರಿಸಿದೆ. ಓದಿದಷ್ಟೂ ನನಗೆ ಹೆಮ್ಮೆ. ಬರೆದದ್ದನ್ನು ಒಮ್ಮೆಯಾದರೂ ನಾನೇ ಪಾಲಿಸಿ ನೋಡಿದೆನೇ? ಛೆ, ನನಗೆ ಯಾಕೆ, ನನಗೆ ಗೊತ್ತಿತ್ತಲ್ಲ!

ಒಂದು ಭಾನುವಾರ ಬೆಳಿಗ್ಗೆ ಔರಾದಿನಿಂದ ಫೋನ್ ಬಂತು. ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಜೊತೆಗೆ ನಮ್ಮ ಈ ಭಾಷೆಯಲ್ಲಿ ಪ್ರೋಗ್ರಾಮಿಂಗನ್ನೂ ಕಲಿಸುವ ಶಾಹೀನ್ ಮೇಡಂ. ನಮ್ಮ ಕಂಪೈಲರ್ ಬೈಯುವ ಒಂದು ಬೈಗುಳ ಮಕ್ಕಳಿಗೆ ಅರ್ಥವಾಗುವುದಿಲ್ಲ, ಆ ಸಾಲನ್ನು ತಿದ್ದಬೇಕು ಎಂಬುದು ಅವರ ಆಸೆ. ಆದರೆ ತಿದ್ದಿದ್ದು ಸರಿಯೇ ಎಂದು ನೋಡಲು ಇಡೀ ಕಂಪೈಲರನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಳ್ಳಬೇಕು. ‘ನಿಮ್ಮ ಕೈಪಿಡಿ ಹಿಡ್ಕೊಂಡು ಕುಂತು ನಾಕು ದಿನ ಆಯ್ತ್ರಿ ಸರ್. ತಪ್ಪಾಗ್ಯದ ಅಂತ ಬರೇ ಕೆಂಪು ಅಕ್ಷರಾನೇ ಬರ್ತಾವ. ಸುಲಭ ಅಂತ ಬರ್ದೀರಿ, ನನಗ ಸುಲಭದ್ದೂ ಬರವಲ್ದು ಅಂದ್ರ ನನ್ನ ತಲಿನೇ ಇಷ್ಟು ಅನಸ್ತದರಿ. ಇವತ್ತಾಗ್ಲಿಲ್ಲಂದ್ರ ಬಿಟ್ಟು ಬಿಡ್ತೇನಿ’ ಎಂದರು. ಅವರು ತಮ್ಮ ತಲೆಯನ್ನು ಬೈದುಕೊಂಡರೇ ಹೊರತು ನನ್ನ ಕೈಪಿಡಿಯನ್ನಲ್ಲ. ಬೈದಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆ. ಈಗ ನಾಚಿಕೆಯಾಯಿತು. ‘ಬಿಡಬ್ಯಾಡ್ರಿ, ಬಂದೆ’ ಎಂದು ಔರಾದ ಬಸ್ಸು ಹತ್ತಿದೆ.

ಅವರ ಮನೆಯಲ್ಲಿ ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತರೆ, ಮೇಡಂ ಒಂದು ನೋಟ್‌ಬುಕ್ ಹಿಡಿದುಕೊಂಡೇ ಪಕ್ಕದಲ್ಲಿ ಕುಳಿತರು. ‘ಇಲ್ಲಿ ಎಂದಿನಂತೆ ಅಂತ ಅದ. ನನಗ ಇದು ಮೊದಲ್ನೇ ಸಲ. ಎಂದಿನಂತೆ ಅಂದ್ರ ಯಾವತ್ತಿನಂಗರಿ ಸರ್?’ ಎಂದು ಕೇಳಿದರು. ‘ಅದು ಎಲ್ಲಾರಿಗೂ ಗೊತ್ತಿರ್ತದರಿ’ ಎಂದು ನಾನು ಏನೋ ಟೈಪ್ ಮಾಡಿದೆ. ಅವರು ಅದನ್ನು ಬರೆದುಕೊಂಡರು. ಕೆಂಪು ಅಕ್ಷರ ಬಂತು. ‘ಇದೂ ಎಲ್ಲಾರಿಗೂ ಗೊತ್ತಿರ್ತದ’ ಎಂದು ಮತ್ತೊಂದು ಮಾಡಿದೆ. ಅದನ್ನೂ ಬರೆದುಕೊಂಡರು. ಚಾ ತಂದ ಅವರ ಅಮ್ಮಿ ಒಂದು ಗಳಿಗೆ ನಿಂತು ನೋಡಿ, ‘ನಿನಗೂ ಬರವಲ್ದೇನ್ ಬೇಟಾ?’ ಎಂದರು. ‘ನನ್ನ ಲ್ಯಾಪ್‌ಟಾಪಿನಾಗ ಬರ್ತದ ಅಮ್ಮಿ’ ಎಂದೆ. ಎಂದೋ ನನ್ನ ಯಂತ್ರದಲ್ಲಿ ಮಾಡಿಟ್ಟು ಮರೆತಿದ್ದ ಒಂದೊಂದನ್ನೂ ನೆನೆಸಿಕೊಂಡು ಹೊರಗೆಳೆಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಕೊನೆಗೆ ಕಂಪೈಲರ್ ಕಟ್ಟಿ ಮುಗಿಯಿತು, ಮೇಡಂ ತಿದ್ದಿದ ಸಾಲು ಪರದೆಯ ಮೇಲೆ ತಿಳಿಯಾದ ಮಾತಿನಲ್ಲಿ ಬೈದಿತು. ಮೇಡಂ ಚಪ್ಪಾಳೆ ಹೊಡೆದು ಅಮ್ಮಿಯನ್ನು ಕರೆದು ತೋರಿಸಿದರು. ನನಗೂ ಎದೆ ತುಂಬಿ ಬಂತು. ನೋಟ್‌ಬುಕ್ಕಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತಿರುವ ಸಂಗತಿಗಳು ಹನ್ನೊಂದು ಇದ್ದವು.

ಅದೇ ವಾರ ಮೇಡಂ ನನ್ನ ಕೈಪಿಡಿಯನ್ನೂ ತಿದ್ದಿ ಕಳಿಸಿದರು. ‘ಬಹಳ ಸುಲಭ’ ಹೋಗಿತ್ತು, ‘ಎಂದಿನಂತೆ’ಗಳು ಹೋಗಿದ್ದವು, ಹನ್ನೊಂದಕ್ಕೂ ಒಂದೊಂದು ಸಾಲು ಬಂದಿತ್ತು. ಒಪ್ಪಿಗೆ ಕೊಡಬೇಕಾದವನು ನಾನೇ. ಏನಾದರೂ ತಪ್ಪು ಸಿಕ್ಕೀತೇ ಎಂದು ಎರಡು ಸಲ ಹುಡುಕಿ, ಸಿಗದೆ, ಒಪ್ಪಿದೆ. ಆಮೇಲೆ ಬಂದ ಹೊಸಬರು ಯಾರನ್ನೂ ಕೇಳದೆ ಕೆಲಸ ಶುರು ಮಾಡುತ್ತಿದ್ದಾರೆ. ನನ್ನನ್ನು ಕೇಳುವವರಿಲ್ಲ ಎಂಬ ಸಣ್ಣ ಬೇಜಾರು ಬಿಟ್ಟರೆ ನಾನು ಸುಖವಾಗಿದ್ದೇನೆ.

ಮೊನ್ನೆ ಕಾಲೇಜಿಗೆ ಹೊಸ ಕಂಪ್ಯೂಟರ್ ಬಂತು. ಮೇಡಂ ತಿದ್ದಿದ ಕೈಪಿಡಿ ತೆರೆದಿಟ್ಟುಕೊಂಡು ಕುಳಿತೆ. ಅರ್ಧಕ್ಕೇ ಕೆಂಪು ಅಕ್ಷರ! ಒಳಗೊಳಗೇ ಖುಷಿಯಾಗಿ ಫೋನ್ ಮಾಡಿದೆ: ‘ಮೇಡಂ, ನಿಮ್ಮ ಕೈಪಿಡಿಯೊಳಗ ಏನೋ ತಪ್ಪದ ನೋಡ್ರಿ.’ ಅವರು ಮಗುವನ್ನು ಕೇಳುವ ಹಾಗೆ ಕೇಳಿದರು: ‘ಒಂದೂ ಬಿಡದಂಗ ಮಾಡೀರೇನ್ರಿ ಸರ್?’ ಹನ್ನೊಂದರಲ್ಲಿ ಎರಡನ್ನು ಬಿಟ್ಟಿದ್ದೆ. ಅವು ನನಗೆ ಗೊತ್ತಿದ್ದವು. ಫೋನ್ ಇಟ್ಟು ಅವೆರಡನ್ನೂ ಮಾಡಿದ ಮೇಲೆ ಕಂಪೈಲರ್ ಸುಮ್ಮನೆ ಕಟ್ಟಿಕೊಂಡಿತು. ಮೇಡಂಗೆ ಮಾತ್ರ, ನಡುವೆ ಕರೆಂಟು ಹೋಗಿ ಹಾಗಾಗಿತ್ತು ಎಂದು ಹೇಳಿದ್ದೇನೆ. ಕೇಳಿದರೆ ನೀವೂ ಹಾಗೇ ಹೇಳಿ.