ಬಾಣಂತಿಯ ಸೀರೆಯೂ ತಮ್ಮ ಗಾಜಿನ ಬಾಗಿಲೂ

ಸಕಲವಸ್ತು ಭಂಡಾರದ ರಾಯಪುರಂ ಶಾಖೆಯ ಮ್ಯಾನೇಜರ್ ಮಾನ್ಯರೇ,

ಟಿ. ನಗರ, ಪೆರಂಬೂರುಗಳನ್ನು ಉದ್ಧರಿಸಿದ ಬಳಿಕ, ಬಂದರಿನ ಮೀನುವಾಸನೆಯನ್ನೂ ಸಹಿಸಿಕೊಂಡು ನಮ್ಮ ಬೀದಿಗೆ ಮೂರನೆಯ ಶಾಖೆಯನ್ನು ಕರುಣಿಸಿದ ತಮಗೆ ಅನಂತ ವಂದನೆಗಳು. ಸೂಜಿಯಿಂದ ಸೈಕಲ್ಲಿನವರೆಗೆ ಒಂದೇ ಸೂರಿನಡಿ ಜೋಡಿಸಿ, ಎದುರಿನ ಹರಿದಾಸರ ಜವಳಿ ಅಂಗಡಿಗೆ ಆರೇ ತಿಂಗಳಲ್ಲಿ ಶಾಶ್ವತ ವಿಶ್ರಾಂತಿ ಕೊಡಿಸಿ, ಅಲ್ಲಿ ಇಪ್ಪತ್ತು ವರ್ಷ ಸೀರೆ ಬಿಡಿಸಿ ತೋರಿಸುತ್ತಿದ್ದ ಕಾಂತಪ್ಪನವರಿಗೆ ತಮ್ಮಲ್ಲೇ ನೀಲಿ ಕೋಟು ತೊಡಿಸಿದ್ದು ತಮ್ಮ ದೊಡ್ಡ ಮನಸ್ಸು. ಕಳೆದ ಸೋಮವಾರ ಆ ಕೋಟನ್ನು ಬಿಚ್ಚಿಸಿಕೊಂಡಿರಲ್ಲ, ಅದಕ್ಕಾಗಿ ಈ ಪತ್ರ.

ನನ್ನ ಅಕ್ಕ ವಿನೋದಾ ಬಾಣಂತಿ, ಹೊಸ್ತಿಲು ದಾಟುವಂತಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಅವಳಿಗೊಂದು ಸೀರೆ ಬೇಕೆಂದು ಅಮ್ಮ ನನ್ನನ್ನು ಕರೆದುಕೊಂಡು ತಮ್ಮಲ್ಲಿಗೆ ಬಂದರು. ನಾಲ್ಕು ಸೀರೆ ಮನೆಗೆ ಒಯ್ದು, ಒಪ್ಪಿದ್ದನ್ನು ಇಟ್ಟುಕೊಂಡು, ಉಳಿದವನ್ನು ಮಡಿಕೆ ಕೆಡದಂತೆ ಮರುದಿನ ತಂದುಕೊಟ್ಟು ಹಣ ತೆರುವುದು ಹರಿದಾಸರ ಅಂಗಡಿಯ ಕ್ರಮವಾಗಿತ್ತು. ಕಾಂತಪ್ಪನವರ ಮುಖ ಕಂಡೊಡನೆ ಅಂಗಡಿ ಬೇರೆಯೆಂಬುದು ಅಮ್ಮನಿಗೆ ಮರೆತುಹೋಯಿತು. ಅಮ್ಮನ ಮುಖ ಕಂಡು ಅವರಿಗೂ ಮರೆತುಹೋಯಿತು. “ಅಂಬುಜಕ್ಕ, ನಾಲ್ಕನ್ನೂ ಕೊಂಡೋಗಿ ವಿನೋದಾಗೆ ತೋರಿಸಿ, ಬೇಡದ್ದು ನಾಳೆ ತಂದ್ರೆ ಸಾಕು” ಎಂದು ಕಟ್ಟಿಕೊಟ್ಟರು.

ಗಾಜಿನ ಬಾಗಿಲಲ್ಲಿ ತಮ್ಮ ಕಾವಲುಗಾರ, “ಬಿಲ್ ಎಂಗೆ ಅಮ್ಮಾ?” ಎಂದು ತಮಿಳಿನಲ್ಲಿ ಬಿಲ್ ಎಲ್ಲಿ ಎಂದು ಕೇಳಿದ. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ಅಮ್ಮ ಗಂಟನ್ನು ಮೆಲ್ಲಗೆ ನೆಲದ ಮೇಲಿಟ್ಟರು. ತಾವು ಮಹಡಿಯಿಂದ ಇಳಿದು ಬಂದು, ಕಾಂತಪ್ಪನವರನ್ನು ಕಳ್ಳರ ಜೊತೆಗಾರನೆಂದು ಕರೆದು, ಅಲ್ಲೇ ಕೆಲಸದಿಂದ ತೆಗೆದಿರಿ. ನಾನು ಪಕ್ಕದಲ್ಲಿದ್ದೂ ತುಟಿ ಬಿಚ್ಚಲಿಲ್ಲ. ಐದನೇ ತರಗತಿಯವರೆಗೆ ಕಲಿತ ಅಕ್ಷರಗಳನ್ನು ಈಗ ಕೂಡಿಸುತ್ತಿರುವುದು ಅದಕ್ಕೇ.

ತಮ್ಮ ನಿಯಮ ಬಹಳ ಉತ್ತಮವಾದದ್ದು. ಅದನ್ನು ಪಾಲಿಸಲು ಸಣ್ಣ ಸಹಾಯಗಳನ್ನಷ್ಟೇ ಬೇಡುತ್ತೇನೆ. ಅಕ್ಕನ ಮಂಚವನ್ನು ಮಗುವಿನ ಸಮೇತ ತಮ್ಮ ಲಿಫ್ಟಿನಲ್ಲಿ ಸೀರೆಗಳ ಮಹಡಿಗೆ ಏರಿಸಬೇಕು. ತಮ್ಮ ಟ್ಯೂಬ್‌ಲೈಟಿನಡಿ ಹಸಿರೆಲ್ಲ ನೀಲಿಯಾಗಿ ಕಾಣುವುದರಿಂದ ನಮ್ಮ ಅಡುಗೆಮನೆಯ ಕಿಟಕಿಯನ್ನೂ ಬಿಸಿಲಿನೊಡನೆ ಕಿತ್ತು ಅಲ್ಲಿ ಕೂರಿಸಬೇಕು. ಅದು ಕಷ್ಟವೆನಿಸಿದರೆ ತಮ್ಮ ಕಟ್ಟಡವನ್ನೇ ಒಂದು ಮಧ್ಯಾಹ್ನದ ಮಟ್ಟಿಗೆ ನಮ್ಮ ಜಗಲಿಗೆ ಕಳುಹಿಸಿಕೊಡಬೇಕು. ಇದಾವುದೂ ಆಗದಿದ್ದರೆ ಕಾಂತಪ್ಪನವರನ್ನು ಮರಳಿ ಕರೆಯಿರಿ. ಅಂದು ಯಾರೂ ಏನೂ ಕದ್ದಿರಲಿಲ್ಲವೆಂದು ಅದೇ ಬಾಗಿಲಲ್ಲಿ ನಿಂತು, ಅಷ್ಟೇ ಗಟ್ಟಿಯಾಗಿ ಹೇಳಿ.

ತಮ್ಮ ಗಾಜಿಗೆ ಕೈಗುರುತು ತಾಗದಂತೆ ಬೀದಿಯ ಆಚೆ ಬದಿಯಲ್ಲೇ ನಡೆಯುತ್ತಿರುವ,
ತಮ್ಮ ವಿಶ್ವಾಸಿ,
ರತ್ನಾವತಿ

ವಿ.ಸೂ.: ಅಂಚೆಗೆ ಹಾಕಲು ಧೈರ್ಯ ಸಾಲದೆ ಈ ಪತ್ರ ಎಂಟು ದಿನ ಮನೆಯಲ್ಲೇ ಉಳಿಯಿತು. ಅಷ್ಟರಲ್ಲಿ ಕಾಂತಪ್ಪನವರು ಸೀರೆಗಳ ಗಂಟು ಹೊತ್ತು ಮನೆಮನೆಗೆ ಬರತೊಡಗಿದ್ದಾರೆ. ಅವರನ್ನು ಕರೆಯುವ ಶ್ರಮ ತಮಗಿನ್ನು ಬೇಡ, ಬಾಗಿಲಲ್ಲಿ ಹೇಳಬೇಕಾದ ಮಾತು ಮಾತ್ರ ಬಾಕಿ ಇದೆ. ನಿನ್ನೆ ತಮ್ಮ ಶ್ರೀಮತಿಯವರು ಅವರಿಂದ ಎರಡು ಸೀರೆ ಇರಿಸಿಕೊಂಡು, ಯಜಮಾನರಿಗೆ ತೋರಿಸಿ ನಾಳೆ ಹೇಳುತ್ತೇನೆ ಎಂದರಂತೆ. ಮಾವಿನ ಬಣ್ಣದ್ದು ಅವರಿಗೆ ಒಪ್ಪುತ್ತದೆ; ತಾವು ಬೇಡವೆನ್ನಬಾರದು.