ಟೋಕನ್ ಇಲ್ಲದ ದೋಸೆ

ಅಕ್ಕ ಒಂದು ಭಾನುವಾರದ ಮಟ್ಟಿಗೆ ಬೆಂಗಳೂರಿಗೆ ಬರುತ್ತಾಳೆಂದು ತಿಳಿದಾಗ ನಾನು ಸ್ವಲ್ಪವೂ ಹೆದರಲಿಲ್ಲ. ಜಯನಗರದಲ್ಲಿ ಬೆಣ್ಣೆ ದೋಸೆ, ಬೈಟು ಕಾಫಿ, ಹುಳಿಮಾವು ಕೆರೆಯ ದಂಡೆಯಲ್ಲಿ ವಿಹಾರ, ಸಂಜೆ ಧಾರವಾಡದ ಬಸ್ಸು. ಕಾರ್ಯಕ್ರಮವನ್ನು ಹಾಳೆಯಲ್ಲಿ ಬರೆದು ಕೆಳಗೆ ಸಹಿಯನ್ನೂ ಹಾಕಿದೆ!

ತೊಡಕು ಒಂದೇ. ಬಸ್ಸೊಂದನ್ನು ಬಿಟ್ಟರೆ ಇವುಗಳಲ್ಲಿ ಒಂದನ್ನೂ ನಾನು ಕಂಡಿರಲಿಲ್ಲ. ಬೆಂಗಳೂರಿನ ಬಿಟಿಎಂ ಬಡಾವಣೆಗೆ ಬಂದು ಎರಡು ವರ್ಷವಾಗಿತ್ತು. ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಟೋಕನ್ ಕೂಗುವ ಕೆಲಸ. ಭಾನುವಾರ ಬಟ್ಟೆ ಒಗೆದು ಮಲಗುವುದು. ಆದರೆ ವಾರವಾರ ಅಕ್ಕ ಫೋನಿನಲ್ಲಿ, "ಒಬ್ಬನ ಏನ್ ಮಾಡ್ತೀಯೋ?" ಎಂದು ಕೇಳಿದಾಗ, ಮೊಬೈಲಿನಲ್ಲಿ ನೋಡಿದ ದೋಸೆಗಳನ್ನೆಲ್ಲ ನಾನೇ ತಿಂದೆನೆಂದು, ಕೆರೆಯ ದಂಡೆಯಲ್ಲಿ ಅಡ್ಡಾಡಿ ಬಂದೆನೆಂದು ಹೇಳಿಬಿಡುತ್ತಿದ್ದೆ. ಅವಳು ನನ್ನ ಚಿಂತೆ ಬಿಟ್ಟು ನೆಮ್ಮದಿಯಾಗಿರಲಿ ಎಂಬುದಷ್ಟೇ ನನ್ನ ಆಸೆ.

ಜಯನಗರದ ಹೋಟೆಲಿನಲ್ಲಿ ಗತ್ತಿನಿಂದ ಕುಳಿತೆ. "ಮಾಲಕರು ಪರಿಚಯದವರು. ನಾವೇನೂ ಹೇಳಬೇಕಾಗಿಲ್ಲ, ತಾವ ಕಳಸ್ತಾರ" ಎಂದೆ. ಅರ್ಧ ಗಂಟೆ ಕಳೆಯಿತು. ಯಾರೂ ಏನೂ ಕಳಿಸಲಿಲ್ಲ. ತಟ್ಟೆ ಹಿಡಿದು ಬರುತ್ತಿದ್ದವನಿಗೆ ಕೈ ಎತ್ತಿದೆ. ಅವನೂ ಕೈ ಎತ್ತಿ, ನಕ್ಕು, ತನ್ನ ಹೆಂಡತಿ ಮಕ್ಕಳ ಪಕ್ಕ ಹೋಗಿ ಕುಳಿತ. ಗಿರಾಕಿ!

ಕೊನೆಗೆ ಟೇಬಲ್ ಒರೆಸುವವರು ಕನಿಕರದಿಂದ ಹೇಳಿದರು: "ಸಾರ್, ಇಲ್ಲಿ ಸೆಲ್ಫ್ ಸರ್ವೀಸು. ಮೊದ್ಲು ಟೋಕನ್ ತಗೋಬೇಕು."

"ಹೊಸ ಪದ್ಧತಿ ಮಾಡ್ಯಾರ" ಎಂದೆ ಅಕ್ಕನಿಗೆ.

"ಇಲ್ಲ ಸಾರ್, ಹೋಟ್ಲು ಶುರುವಾದಾಗಿಂದ ಹಿಂಗೇ."

ಟೋಕನ್ ಇಲ್ಲದೆ ಕುಳಿತು, ಯಾಕೆ ಕರೆಯಲಿಲ್ಲವೆಂದು ಜಗಳಕ್ಕೆ ಬರುವ ರೋಗಿಗಳನ್ನು ದಿನಾ ಗದರಿಸುವವನು ನಾನು. ಕೌಂಟರಿಗೆ ಓಡುವಷ್ಟರಲ್ಲಿ ದೋಸೆ ಹಿಟ್ಟೇ ಮುಗಿದಿತ್ತು.

ಕೆರೆಯಾದರೂ ಮಾನ ಉಳಿಸಲಿ ಎಂದು, ಎದುರಿಗೆ ಬಂದ ಬಸ್ಸಿಗೆ ಅಕ್ಕನನ್ನು ಧೈರ್ಯದಿಂದ ಹತ್ತಿಸಿದೆ. ಇಳಿದದ್ದು ಪದ್ಮನಾಭನಗರ. ಎತ್ತ ನೋಡಿದರೂ ಟ್ಯೂಷನ್ ಬೋರ್ಡುಗಳು. ನೀರು ಮಾತ್ರ ಕಾಣಲಿಲ್ಲ.

"ನೀ ವಾರಾ ವಾರಾ ಅಡ್ಡಾಡೋ ಕೆರಿ ಎಲ್ಲೈತೋ?"

"ಸ್ವಲ್ಪ ಮುಂದ ಐತಿ" ಎಂದೆ. ಬಿಸಿಲಿನಲ್ಲಿ ಸ್ವಲ್ಪ ಅಲ್ಲ, ಬಹಳ ಮುಂದೆ ನಡೆದೆವು.

ಮಧ್ಯಾಹ್ನ ಮೂರು ದಾಟಿತು. ಹಸಿವಿಗೆ ಅಕ್ಕನ ಮುಖ ಬಾಡಿದ್ದು ನೋಡಲಾಗದೆ, ಆಟೋ ಹಿಡಿದು ಬಿಟಿಎಂನ ನನ್ನ ರೂಮಿನ ಬಳಿಯ ಖಾನಾವಳಿಗೆ ಕರೆತಂದೆ. ನಡೆಸುವವರು ವಿಜಯಪುರದ ಕಡೆಯ ಶಿವಕ್ಕ. ಬಾಗಿಲಲ್ಲೇ ಅವರ ದನಿ ಕೇಳಿತು.

"ಯಾಕ ತಮ್ಮಾ, ಇವತ್ತ ಇಷ್ಟ ತಡ? ನಿನ್ನ ರೊಟ್ಟಿ ತಗದಿಟ್ಟೀನಿ ನೋಡು. ಎಲ್ಲಾ ಐತಾರದಂಗ ರೂಮಿಗೇ ಕಟ್ಟಲೇನು?"

ಎರಡು ವರ್ಷದ ಭಾನುವಾರದ ದೋಸೆಗಳೆಲ್ಲ ಒಂದೇ ಮಾತಿಗೆ ಮಾಯವಾದವು!

ಅಕ್ಕ ಕುಳಿತು ರೊಟ್ಟಿ ಮುರಿದಳು. ಧಾರವಾಡದಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವಳಿಗೆ ಬೆಂಗಳೂರಿನ ವಿಶೇಷ ತಿಂಡಿಯೆಂದು ನಾನು ಕೊನೆಗೂ ತಿನ್ನಿಸಿದ್ದು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ.

"ನೀ ಚಿಂತಿ ಮಾಡಬಾರದಂತ ಹಂಗ ಹೇಳ್ತಿದ್ದೆ" ಎಂದೆ.

"ನೀ ಒಬ್ಬನ ಇರೂದು ನನಗ ಗೊತ್ತಿತ್ತೋ" ಎಂದಳು ಅಕ್ಕ. "ನಿನಗಂತ ರೊಟ್ಟಿ ತಗದಿಡೋರು ಅದಾರಂತ ಗೊತ್ತಿರಲಿಲ್ಲ." ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಸಂಜೆ ನೆಮ್ಮದಿಯಿಂದಲೇ ಬಸ್ಸು ಹತ್ತಿದಳು. ಹೊರಡುವ ಮುಂಚೆ ಶಿವಕ್ಕನ ನಂಬರು ಬರೆದುಕೊಂಡಿದ್ದಳು. ಈಗ ಭಾನುವಾರದ ಫೋನು ಮೊದಲು ಖಾನಾವಳಿಗೆ ಹೋಗುತ್ತದೆ. ನಾನು ಏನು ತಿಂದೆನೆಂದು ಅಲ್ಲಿ ವಿಚಾರಿಸಿಕೊಂಡ ಮೇಲೆಯೇ ಅಕ್ಕ ನನ್ನನ್ನು ಕೇಳುವುದು!