ಹುಲಿಗೆಪ್ಪನ ಮೀಸೆ

ಹುಲಿಗೆಪ್ಪನ ಮೀಸೆ ಹೋದದ್ದು ಬೆಳಿಗ್ಗೆ. ಅವನ ಅಪ್ಪ ಹೋದದ್ದು ಅದೇ ದಿನ ಮಧ್ಯಾಹ್ನ. ಮೊದಲನೆಯದು ನಿಜ, ಎರಡನೆಯದನ್ನು ಊರವರೆಲ್ಲ ಸೇರಿ ಮಾಡಿ ಮುಗಿಸಿದರು.

ನಿಜಾಮರ ಆಳ್ವಿಕೆಯ ಕಾಲ ಅದು. ಈಶಪ್ಪ ಮಾಲಕರ ನಾಟಕ ಕಂಪನಿ ಕೊಪ್ಪಳದಲ್ಲಿ ಕ್ಯಾಂಪು ಹಾಕಿತ್ತು. ತಗಡಿನ ಗೋಡೆ, ಚಾಪೆಯ ಸೂರು, ಬುಸುಗುಡುವ ಗ್ಯಾಸಬತ್ತಿ, ಕಾಲಿನಿಂದ ತುಳಿಯುವ ಹಾರ್ಮೋನಿಯಂ. ಸಂತೆಗೆ ಬಂದವರು ಎತ್ತುಗಳನ್ನು ಅಲ್ಲೇ ಕಟ್ಟಿ, ಬುತ್ತಿ ಬಿಚ್ಚಿ ಉಂಡು, ನೆಲದ ಮೇಲೆ ಕೂತು ನೋಡುತ್ತಿದ್ದರು. ಜನ ಮೆಚ್ಚಿ 'ಒನ್ಸ್ ಮೋರ್' ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು, ಹಾಡಿ, ಇನ್ನೊಮ್ಮೆ ಸಾಯಬೇಕಿತ್ತು. ಅಂಥ ಪುಣ್ಯದ ಸಾವು ಈಗ ಯಾರಿಗೂ ಸಿಗುವುದಿಲ್ಲ ಬಿಡಿ. ಆ ದಿನಗಳನ್ನು ನೆನೆದರೆ ಇವತ್ತಿಗೂ ಎದೆ ತುಂಬಿ ಬರುತ್ತದೆ.

ತಾಯಿಯಿಲ್ಲದ ಹುಲಿಗೆಪ್ಪ ಯಲಬುರ್ಗಾ ದಾರಿಯ ಒಂದು ಹಳ್ಳಿಯವನು. ಅಪ್ಪನ ಕುರಿಗಳನ್ನು ಬಿಟ್ಟು, ಕಂಪನಿ ಕುಷ್ಟಗಿಯಲ್ಲಿದ್ದಾಗ ಓಡಿಬಂದು ಸೇರಿದ್ದ. ಮೊದಲು ನೀರು ಹೊತ್ತ. ಆಮೇಲೆ ಗ್ಯಾಸಬತ್ತಿಗೆ ಗಾಳಿ ಹೊಡೆದ. ಆಮೇಲೆ ಪರದೆಯ ಹಗ್ಗಕ್ಕೆ ಬಂದ. ಅಲ್ಲಿಗೆ ಏಣಿ ಮುಗಿದುಹೋಯಿತು. ಎಲ್ಲರ ಮಾತೂ ಅವನಿಗೆ ಬಾಯಿಪಾಠ, ಮುಖಕ್ಕೆ ಮಾತ್ರ ಬಣ್ಣವಿಲ್ಲ. ಸುಗ್ಗಿ ಹೋಗಿ ಸುಗ್ಗಿ ಬಂದರೂ ಅವನು ಹಗ್ಗ ಹಿಡಿದೇ ನಿಂತಿದ್ದ.

ಹೀಗಿರುವಾಗ ರಾಣಿಯ ಸಖಿಯ ಪಾತ್ರ ಮಾಡುತ್ತಿದ್ದವನು ಹೇಳದೆ ಕೇಳದೆ ಗಂಗಾವತಿಯಲ್ಲಿದ್ದ ಬೇರೊಂದು ಕಂಪನಿಗೆ ಹಾರಿಬಿಟ್ಟ. ಮಾಲಕರು ಹುಲಿಗೆಪ್ಪನನ್ನು ಕರೆದರು.

"ನಾಳೆ ಸಖಿ ನೀನ. ಛಲೋ ಮಾಡಿದಿ ಅಂದ್ರ ಹಗ್ಗ ಬಿಡಿಸಿ ಬಣ್ಣ ಕಾಯಂ ಮಾಡ್ತೀನಿ. ಆದ್ರ ಸೀರಿ ಉಟ್ಟ ಮ್ಯಾಲೆ ಆ ಮೀಸಿ ಕಾಣಬಾರ್ದು ನೋಡು."

ಬೆಳಗಾಗುವುದೇ ತಡ, ಹುಲಿಗೆಪ್ಪ ಹಡಪದ ಅಮರಪ್ಪನ ಮುಂದೆ ಕೂತ. ಅಪ್ಪ ಬದುಕಿರುವ ಮಗ ಮೀಸೆ ತೆಗೆಸಬಾರದು ಎಂಬುದು ಆ ಕಡೆ ಹಾಲುಹಸುಳೆಗೂ ಗೊತ್ತು. ಹುಲಿಗೆಪ್ಪನಿಗೂ ಗೊತ್ತಿತ್ತು. ಆದರೆ ಪಾತ್ರದ ಅಮಲು ಏರಿದವನಿಗೆ ಅಪ್ಪ ನೆನಪಾಗುವುದುಂಟೇ? ಆನಂದಕ್ಕೆ ಅವನ ಕಣ್ಣು ಬೇರೆ ಒದ್ದೆಯಾಗಿತ್ತು. ಅಮರಪ್ಪ ಒಂದು ಮಾತೂ ಕೇಳಲಿಲ್ಲ. ಸಾವಿನ ಕ್ಷೌರದ ಹೊತ್ತಿನಲ್ಲಿ ಬಾಯಿಬಿಟ್ಟು ಕೇಳುವುದು ರೂಢಿಯಲ್ಲ. ಲೊಚಗುಟ್ಟಿ, ಬೋಳಿಸಿ, ಬೆನ್ನು ಸವರಿ ಕಳಿಸಿದ. ಆಮೇಲೆ ಬಂದವರಿಗೆಲ್ಲ ಹೇಳಿದ.

ಹುಲಿಗೆಪ್ಪ ಇಳಿದುಕೊಂಡಿದ್ದದ್ದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ, ನೇಕಾರರ ಕಸ್ತೂರೆಮ್ಮನ ಪಡಸಾಲೆಯಲ್ಲಿ. ಅವನ ಮುಖ ಕಂಡದ್ದೇ ಆಕೆ ಹೊತ್ತ ಕೊಡವನ್ನು ಕೆಳಗೆ ಹಾಕಿದಳು.

"ಅಯ್ಯ ನನ್ನಪ್ಪಾ! ಹೆಂಗಾತೋ ಇದು?"

"ಏನೂ ಆಗಿಲ್ಲಬೇ. ನಾಟಕಕ್ಕ ತಗಸೀನಿ."

"ನಾಟಕ ಸುಡ್ಲಿ! ಹೆತ್ತಪ್ಪ ಹೋದ ಹೊತ್ತಿನ್ಯಾಗೂ ನಾಟಕ ಅಂತೀಯಲ್ಲೋ ಹುಚ್ಚಪ್ಪಾ!" ಎಂದು ಆಕೆ ಅವನ ಕೊರಳಿಗೆ ಬಿದ್ದು ಅತ್ತಳು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ನಾಲ್ಕೂ ಕಡೆಯಿಂದ ರೊಟ್ಟಿ, ಪುಂಡಿಪಲ್ಯೆ ಬಂದವು. ಹುಲಿಗೆಪ್ಪ ಬೇಡ ಬೇಡ ಎನ್ನುತ್ತಲೇ ಹೊಟ್ಟೆ ತುಂಬ ಉಂಡ. "ದುಃಖದಾಗ ಹಸಿವು ಜಾಸ್ತಿ" ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಟಾಂಗಾದ ದಾದೇಸಾಬ ಬಾಗಿಲಿಗೇ ಗಾಡಿ ತಂದ.

"ಏರ್ರಿ ಹುಲಿಗೆಪ್ಪಾ, ಊರಿಗೆ ಬಿಡ್ತೀನಿ. ಮಣ್ಣು ಕೊಡೂ ಹೊತ್ತಿಗರ ಮುಟ್ಟಬೇಕು. ಬಾಡಿಗಿ ಮಾತು ತಗೀಬ್ಯಾಡ್ರಿ."

"ನಮ್ಮಪ್ಪ ಗುಂಡುಕಲ್ಲಿನಂಗ ಅದಾನೋ ಸಾಬಾ!"

"ಹಂಗ ಅನ್ನಸ್ತೈತ್ರಿ. ನಮ್ಮ ಅಬ್ಬಾ ಹೋದಾಗ ನನಗೂ ಹಂಗ ಅನಿಸ್ತಿತ್ತು" ಎಂದು ದಾದೇಸಾಬ ಅವನನ್ನು ಎತ್ತಿ ಟಾಂಗಾದೊಳಗೆ ಕೂರಿಸಿದ. ಹುಲಿಗೆಪ್ಪ ಇನ್ನೊಂದು ಕಡೆಯಿಂದ ಜಿಗಿದು ಥೇಟರಿನತ್ತ ಓಟ ಕಿತ್ತ. ದಾರಿಯುದ್ದಕ್ಕೂ ಜನ ಎದ್ದು ನಿಂತು ಕೈಮುಗಿದರು. ಯಾರೋ ಹಾವು ಕಡಿಯಿತು ಎಂದರು. ಇನ್ನೊಬ್ಬರು ಹಾವಿನ ಉದ್ದ ಹೇಳಿದರು.

ಸುದ್ದಿ ಅವನಿಗಿಂತ ಮೊದಲೇ ಮಾಲಕರನ್ನು ಮುಟ್ಟಿತ್ತು. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹುಲಿಗೆಪ್ಪಾ, ನನ್ನ ಕಡೆ ಯಾಕ ಮುಚ್ಚಿಟ್ಟಿ?"

"ಏನ್ ಮುಚ್ಚಿಡೂದ್ರಿ? ಮೀಸಿ ತಗಸು ಅಂದಾವ್ರು ನೀವ ಅಲ್ಲೇನ್ರಿ?"

"ನಾ ಅಂದದ್ದು ಖರೆ. ಆದ್ರ ನಾ ಅಂದದ್ದಕ್ಕ ಹಾವು ಬಂದು ಕಡಿತೇನಪಾ?"

ಹುಲಿಗೆಪ್ಪ ಆಣೆ ಇಟ್ಟ, ಕಾಲು ಹಿಡಿದ, ದೇವಿ ಹುಲಿಗೆಮ್ಮನ ಹೆಸರು ಹೇಳಿ ಕೆನ್ನೆ ಬಡಿದುಕೊಂಡ. ಅವನು ಅತ್ತಷ್ಟೂ ಅಪ್ಪನ ಸಾವು ಗಟ್ಟಿಯಾಗುತ್ತಾ ಹೋಯಿತು.

"ಪಾತ್ರದ ಆಶೆಗೆ ಹೆತ್ತವರ ಸಾವು ನುಂಗಿಕೊಂಡಾವ್ರನ್ನ ನಾ ಭಾಳ ಮಂದಿ ನೋಡೀನಿ. ನೀ ದೊಡ್ಡ ಕಲಾವಿದಪಾ. ಆದ್ರ ಸೂತಕದಾಗ ಬಣ್ಣ ಮುಟ್ಟಬಾರ್ದು, ಕಂಪನಿಗೆ ಒಳ್ಳೇದಲ್ಲ" ಎಂದು ಮಾಲಕರು ನಿಟ್ಟುಸಿರಿಟ್ಟರು.

"ಹಂಗಾರ ಇವತ್ತ ಪರದಿ ಯಾರು ಎಳೀತಾರ್ರಿ?"

"ಅದನ್ನ ನೀನ ಎಳಿ. ಹಗ್ಗಕ್ಕ ಸೂತಕ ಹತ್ತೂದಿಲ್ಲ."

ದೀಪ ಹಚ್ಚುವ ಹೊತ್ತಿಗೆ ಆಟ ಶುರುವಾಯಿತು. ಸಖಿಯ ಸೀರೆಯನ್ನು ಅಡಿಗೆಯವನಿಗೆ ಉಡಿಸಿದ್ದರು. ಅವನು ಪೊದೆಮೀಸೆಯ ಮೇಲೆ ಸೆರಗು ಎಳೆದುಕೊಂಡು, "ಮಹಾರಾಣಿ, ಮಹಾರಾಜರು ದಯಮಾಡಿಸುತ್ತಿದ್ದಾರೆ" ಎಂದು ಒದರಿ ಒಳಗೆ ಬಂದ. ಯಾರೂ ಮೀಸೆ ಕಂಡಿತೆನ್ನಲಿಲ್ಲ. ಹುಲಿಗೆಪ್ಪ ತನ್ನ ಬೋಳು ತುಟಿಯನ್ನು ಕಚ್ಚಿ ಹಿಡಿದು, ಹಗ್ಗಕ್ಕೆ ಹಣೆ ಆನಿಸಿ, ನಿಜವಾಗಿಯೂ ಅತ್ತ.

ಮಹಾರಾಜರು ಸಿಂಹಾಸನ ಏರುವಷ್ಟರಲ್ಲಿ ನೆಲದ ಸಾಲಿನಿಂದ ಕಂಬಳಿ ಹೊದ್ದ ಒಬ್ಬ ಆಜಾನುಬಾಹು ಮುದುಕ ಬಡಿಗೆ ಹಿಡಿದು ನೇರ ರಂಗದ ಮೇಲೆ ಹತ್ತಿದ. ಹುಲಿಗೆಪ್ಪ ಹಗ್ಗ ಹಿಡಿದೇ ಮರೆಗೆ ಸರಿದ. ಅವನ ಅಪ್ಪ ಪಕ್ಕೀರಪ್ಪ!

"ಎಲ್ಲಿ ಅದಾನಲೇ ನನ್ನ ಮಗ?" ಮುದುಕನ ದನಿಗೆ ತಗಡು ನಡುಗಿತು. "ಸಂತ್ಯಾಗ ಕುರಿ ಹಿಡ್ಕೊಂಡು ನಿಂತೀನಿ, ಟಾಂಗಾದ ಸಾಬ ಬಂದು, ಹುಲಿಗೆಪ್ಪನ ಅಪ್ಪ ಹೋದ, ಛಲೋ ಮನಿಷಾ ಇದ್ದ ಅಂತ ನನಗ ಹೇಳ್ತಾನ! ನಾ ಛಲೋ ಮನಿಷಾ ಅನಿಸ್ಕೋಬೇಕಾದ್ರ ಸಾಯಬೇಕೇನ್ರೋ? ಅಪ್ಪ ಜೀವಂತ ಇರೂವಾಗ ಮೀಸಿ ಬೋಳಿಸ್ಯಾನಂತ! ಕರೀರಿ ಅವನ್ನ!"

ಮಹಾರಾಜರು ಸಿಂಹಾಸನದ ಹಿಂದೆ ಅಡಗಿದರು. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. "ಒನ್ಸ್ ಮೋರ್! ಒನ್ಸ್ ಮೋರ್!"

ಪಕ್ಕೀರಪ್ಪ ಕಕ್ಕಾಬಿಕ್ಕಿಯಾಗಿ, "ಏನಂತಾರ ಇವರು?" ಎಂದ. ಮಾಲಕರು ಮರೆಯಿಂದಲೇ, "ಇನ್ನೊಮ್ಮೆ ಬೈರಿ ಅಂತಾರ್ರಿ! ಹಂಗ ಬೈರಿ!" ಎಂದರು. ಮುದುಕ ಗಂಟಲು ಸರಿಮಾಡಿಕೊಂಡು, ಕಂಬಳಿ ಕೊಡವಿ, ಮೊದಲಿಗಿಂತ ಜೋರಾಗಿ ಬೈದ. ಮೂರನೆಯ ಸಲಕ್ಕೆ ಎರಡು ಹೆಜ್ಜೆ ಕುಣಿದೂಬಿಟ್ಟ.

ಮರುದಿನ ಬೆಳಿಗ್ಗೆ ಮಾಲಕರು ಚಹಾ ತರಿಸಿ ಮುಂದಿಟ್ಟರು. "ಪಕ್ಕೀರಪ್ಪನವರ, ಇಂಥಾ ಗಂಟಲು ಕುರಿ ಮುಂದ ಹಾಳಾಗಬಾರ್ದು. ರಾಕ್ಷಸನ ಪಾತ್ರ ನಿಮಗ ಕಾಯಂ."

ಪಕ್ಕೀರಪ್ಪನ ಕಣ್ಣು ತೇವವಾಯಿತು. "ಹರೇದಾಗ ಬಯಲಾಟದಾಗ ಕುಣಿದಾವ್ರಿ ನಾ. ನಮ್ಮಪ್ಪ ಬಡದು ಬಿಡಿಸಿದ್ದ. ಅವತ್ತಿಂದ ಈ ಎದಿಯಾಗ ಉಳದಿತ್ತು ನೋಡ್ರಿ."

ಹುಲಿಗೆಪ್ಪನಿಗೆ ಜೀವ ಬಂತು. "ಯಪ್ಪಾ, ಸೂತಕ ಹೋತಲ್ಲ, ಹಂಗಾರ ನಾನೂ ನೀನೂ ಕೂಡೇ..."

"ಇಬ್ಬರೂ ಇಲ್ಲೇ ಕುಣದ್ರ ಮನ್ಯಾಗಿನ ಕುರಿ ಯಾರು ಕಾಯಾವ್ರಲೇ? ಕಂಬಳಿ ತಗೋ, ನಡಿ ಊರಿಗೆ."

"ಅಪ್ಪನ ಮಾತು ಮೀರಬಾರ್ದಪಾ" ಎಂದರು ಮಾಲಕರು, ರಾಕ್ಷಸನಿಗೆ ಇನ್ನೊಂದು ಬಸಿ ಚಹಾ ಸುರಿಯುತ್ತಾ.

ಹೊತ್ತು ಇಳಿಯುವಾಗ ಹುಲಿಗೆಪ್ಪ ಊರು ಮುಟ್ಟಿದ. ಊರಬಾಗಿಲ ಅಗಸೆಕಟ್ಟೆಯ ಹಿರಿಯರು ಕಂಡದ್ದಿಷ್ಟೇ: ಸಂತೆಗೆ ಹೋದ ಪಕ್ಕೀರಪ್ಪ ಬರಲಿಲ್ಲ, ಅವನ ಕಂಬಳಿ ಹೊತ್ತು, ಬಡಿಗೆ ಹಿಡಿದು, ಮೀಸೆಯಿಲ್ಲದ ಮಗನೊಬ್ಬನೇ ಬಂದ. ಎಲ್ಲರೂ ಎದ್ದು ನಿಂತರು. ಹುಲಿಗೆಪ್ಪ ಗಾಬರಿಯಿಂದ, ಅಪ್ಪ ಆರಾಮಾಗಿದ್ದಾನೆ, ನಾಟಕ ಕಂಪನಿ ಸೇರಿದ್ದಾನೆ, ಮುಖಕ್ಕೆ ಬಣ್ಣ ಹಚ್ಚಿ ರಾಕ್ಷಸನಾಗಿ ಕುಣಿಯುತ್ತಾನೆ ಎಂದು ಒಂದೇ ಉಸಿರಿಗೆ ಹೇಳಿದ.

ಹಿರಿಯ ವಿರೂಪಾಕ್ಷಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದ: "ಆತು ಬಿಡಪಾ, ಸಮಾಧಾನ ಮಾಡ್ಕೋ. ಮಣ್ಣು ಎಲ್ಲಿ ಕೊಟ್ಟಿ, ಅಷ್ಟರ ಹೇಳು."